ಅಕ್ಕ ನೋಡಬಾರದಿದ್ದ ಮೂಲೆ

ಪೂಜೆ ಮಾಡುವ ಗುನಗ ದೇವರ ಎದೆಯ ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳು ಅಂಟಿಸಿ ಪಕ್ಕಕ್ಕೆ ಸರಿದ. ಆಯಿ ಕೈಮುಗಿದು ಜೋರಾಗಿಯೇ ಕೇಳಿದಳು: "ನನ್ ಮಗಳು ಹುಡ್ಕೂದು ಆ ಕಂಪ್ಯೂಟರಲ್ಲಿ ಇದ್ರೆ ಬಲಕ್ಕೆ ಎಸಳು ಬೀಳ್ಸಿ ಪ್ರಸಾದ ಕೊಡು ದೇವಾ, ಇಲ್ದಿದ್ರೆ ಎಡಕ್ಕೆ."

ಅಕ್ಕ ಕಿವಿ ಮುಚ್ಚಿಕೊಂಡು ಗುಡಿಯಿಂದ ಹೊರಗೆ ಓಡಿದಳು. ನಾನೂ ಹಿಂದೆಯೇ ಓಡಿದೆ. ಅಂಕೋಲೆಯ ರಸ್ತೆ ಬದಿಯಲ್ಲಿ ಕುಳಿತುಬಿಟ್ಟಿದ್ದಳು.

"ಎಂತಾ ಆಯ್ತೆ ನಿಂಗೆ?"

"ಆಯಿ ಬಾಯಿಂದ ಒಂದ್ ಮಾತು ಬಂದ್ರೂ ನನ್ ಕೆಲ್ಸ ಹಾಳು ಮಾರಾಯಾ."

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟಿಗೆ ಹೋದವನು. ಅಕ್ಕ ಓದಿದಳು, ಪರದೇಶದ ಒಂದು ಪ್ರಯೋಗಕ್ಕೆ ಸೇರಿದಳು. ರಜೆಗೆ ಬಂದರೂ ಕೆಲಸ ಬಿಡುವುದಿಲ್ಲ. ಆ ಪ್ರಯೋಗದಲ್ಲಿ ಕೇಯಾನ್ ಎಂಬ ಕಣಗಳನ್ನು ಹುಟ್ಟಿಸುತ್ತಾರೆ. ಅವು ಹುಟ್ಟಿದ ಕೂಡಲೇ ಒಡೆಯುತ್ತವೆ. ಸಾವಿರ ಕೋಟಿ ಒಡೆದರೆ ಸುಮಾರು ಒಂದು ಮಾತ್ರ ಬೇರೆಯೇ ರೀತಿ ಒಡೆಯುತ್ತದಂತೆ. ಅದನ್ನು ಹುಡುಕಬೇಕು. ಅದರ ಹಾಗೇ ಕಾಣುವ ಬೇರೆಯವನ್ನು ಸೋಸಿ ಬಿಸಾಡಬೇಕು. ಒಂದೊಂದು ಒಡೆತಕ್ಕೂ ಒಂದೊಂದು ಚುಕ್ಕೆ ಇಟ್ಟ ಚಿತ್ರ ಕಂಪ್ಯೂಟರಿನಲ್ಲಿರುತ್ತದೆ; ಅದರಲ್ಲಿ ಇದು ಸಿಗುವ ಮೂಲೆಯನ್ನು ಮಾತ್ರ ಮುಚ್ಚಿಟ್ಟಿರುತ್ತಾರೆ. ಸೋಸುವ ನಿಯಮ ಪೂರ್ತಿ ಬರೆಯುವ ತನಕ ಯಾರೂ ನೋಡಬಾರದು.

"ನೋಡಿದ್ರೆ ಎಂತಾ ಆಗ್ತದೆ?"

"ಬಿದ್ದ ಮೀನು ನೋಡ್ಕಂಡು ಆಮೇಲೆ ಬಲೆ ಕಣ್ಣು ಕಟ್ದಂಗೆ. ಯಾರು ನಂಬ್ತಾರೆ?"

"ದೇವ್ರೇನು ಕಂಪ್ಯೂಟರ್ ನೋಡಿದ್ನ?"

"ನೋಡ್ಲಿಲ್ಲ. ಆದ್ರೆ ನಾ ಈ ಪ್ರಸಾದ ನಂಬ್ಕಂಡೇ ಬೆಳ್ದವಳು. ಬಲಕ್ಕೆ ಬಿತ್ತು ಅಂದ್ರೆ ನನ್ ಕೈ ಆ ಕಡೀಗೇ ಎಳೀತದೆ. ಇನ್ನೂ ಒಂದು ನಿಯಮ ಬರೀಬೇಕು ನಾನು."

ಆಗ ನನಗೂ ಹೆದರಿಕೆ ಹತ್ತಿತು. ಎಸಳು ಬಿದ್ದದ್ದು ನೋಡಿಕೊಂಡು ಆಯಿ ಮೆಟ್ಟಿಲು ಇಳಿದು ಬರುತ್ತಿದ್ದಳು. ಅವಳ ಮುಖ ಏನನ್ನೂ ಮುಚ್ಚಿಡುವುದಿಲ್ಲ. ಅಕ್ಕನಿಗೆ ಆ ಕಡೆ ತಿರುಗು ಎಂದೆ. ಆಯಿಯ ಕೈ ಹಿಡಿದು ಸೀದಾ ಬಸ್‌ ಸ್ಟ್ಯಾಂಡಿಗೆ ಎಳೆದುಕೊಂಡು ಹೋದೆ. ಕಾರವಾರದ ಹತ್ತಿರ ಶಿರವಾಡದಲ್ಲಿ ಅವಳ ತಂಗಿಯ ಮನೆಯಿದೆ.

"ನನ್ ಮನೇಲೇ ನಂಗೆ ಜಾಗ ಇಲ್ವನೋ?"

"ನಿನ್ ಮುಖ ನೋಡಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ಹತ್ತು."

ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ನಂಗೂ ಹೇಳ್ಬೇಡ!" ಎಂದು ಕೂಗಿಬಿಟ್ಟೆ. ಜನ ತಿರುಗಿ ನೋಡಿದರು. ನೋಡಲಿ. ಗೊತ್ತಾದರೆ ನಾನು ಅಕ್ಕನ ಎದುರು ಕುಳಿತು ಊಟ ಮಾಡುವುದು ಹೇಗೆ?

ಅಕ್ಕ ಕಡೆಯ ನಿಯಮ ಬರೆದು ಮುಗಿಸಿದಳು. ಮೂಲೆ ತೆರೆಯುವ ದಿನ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಅವಳ ಜೊತೆ ಕೆಲಸ ಮಾಡುವವರ ಹತ್ತಾರು ಮುಖಗಳು. ಆಯಿಯ ಫೋನ್ ಬಂತು, ನಾನು ಎತ್ತಲಿಲ್ಲ. ನಡು ಸಮುದ್ರದಲ್ಲಿ ಇಂಜಿನ್ ನಿಂತಾಗಲೂ ನಾನು ಹಾಗೆ ಹೆದರಿರಲಿಲ್ಲ.

ಅಲ್ಲಿ ಯಾರೋ ಗುಂಡಿ ಒತ್ತಿದರು. ಮುಚ್ಚಿದ್ದ ಮೂಲೆ ತೆರೆಯಿತು. ಒಳಗೆ ಒಂದೇ ಒಂದು ಚುಕ್ಕೆ.

"ಸಿಕ್ತಲ್ಲೇ! ಅಳೂದೆಂತಕೆ?"

"ಅದೇ ಹೌದೋ, ಬೇರೆ ಎಂತದೋ ತಪ್ಪಿಸ್ಕಂಡು ಬಂದದ್ದೋ ಗೊತ್ತಿಲ್ಲ. ಒಂದೇ ಚುಕ್ಕೆ ಇಟ್ಕಂಡು ಸಿಕ್ತು ಅನ್ನೂಕೆ ಬರೂದಿಲ್ಲ. ನಿಯಮ ಮುಟ್ಟೂಕೂ ಬರೂದಿಲ್ಲ ಈಗ."

"ಹಂಗಾರೆ?"

"ಇದ್ದದ್ದು ಇದ್ದಂಗೇ ಬರ್ದು ಹಾಕೂದು."

ಅವಳು ಕಣ್ಣು ಒರೆಸಿಕೊಂಡು ಬರೆಯತೊಡಗಿದಳು. ನಾನು ಆಯಿಗೆ ಫೋನ್ ಮಾಡಿ ಮನೆಗೆ ಬಾ ಎಂದೆ. ಎಸಳು ಯಾವ ಕಡೆ ಬಿತ್ತು ಎಂದು ಮಾತ್ರ ಕೇಳಲಿಲ್ಲ.