ಕರಡಿಯ ಬೆನ್ನಿಗೆ ಹೊಲಿಗೆ ಹಾಕಿದ ದಿನ

"ಹೆಂಡ್ತೀನ ಕರ್ಕೊಂಡು ಥೀಮ್ ಪಾರ್ಕಿಗೆ ಹೊರಟಿದೀಯಾ? ಹೋಗಪ್ಪಾ, ಚೆನ್ನಾಗಿ ಸುತ್ತಾಡ್ಕೊಂಡು ಬಾ. ನಾವೂ ಒಂದ್ಸಲ ಹೋಗಿದ್ವಿ. ವಾರದ ಮಧ್ಯ ಹೋಗು, ಟಿಕೆಟ್ಟು ಅಗ್ಗ, ಜನಾನೂ ಕಮ್ಮಿ. ಪಾರ್ಕಿನವರ ಬಸ್ಸು ಹತ್ತಬೇಡ, ಸುಲಿದುಬಿಡ್ತಾರೆ. ಮಾಮೂಲಿ ಬಸ್ಸಲ್ಲಿ ಹೋಗಿ ಕೊನೇ ಸ್ಟಾಪಲ್ಲಿ ಇಳಿದು ನಡ್ಕೊಂಡು ಹೋಗ್ಬಿಡಿ. ಬುತ್ತಿ ಒಳಗೆ ಬಿಡಲ್ಲ, ಗೇಟಿನ ಹೊರಗೇ ಕೂತು ಹೊಟ್ಟೆ ತುಂಬ ತಿಂದ್ಕೊಳ್ಳಿ. ನೀರಿಗಿಳಿಯೋಕೆ ನೈಲಾನ್ ಬಟ್ಟೆನೇ ಆಗ್ಬೇಕು ಅಂತಾರೆ. ಅಲ್ಲಿ ಬಾಡಿಗೆಗೂ ಕೊಡ್ತಾರೆ, ಯಾರ್ಯಾರ ಮೈಮೇಲೆ ಇದ್ದದ್ದೋ ಏನೋ. ಅದು ಬೇಡ, ನಾನೇ ಹೊಲ್ಕೊಡ್ತೀನಿ. ಇದೆಲ್ಲ ನಮ್ಮನೆಯವಳು ಕಂಡುಹಿಡಿದಿದ್ದು, ನನ್ನ ತಲೇದಲ್ಲ. ನಂದು ಅಂತ ಇರೋದು ಒಂದೇ ಮಾತು. ಒಳಗೆ ಹೋದ್ಮೇಲೆ ಅವಳ ಪಕ್ಕ ಬಿಟ್ಟು ಅಲ್ಲಾಡಬೇಡ. ನಿಂದು ನಲ್ಲಿ ರಿಪೇರಿ ಕೆಲಸ ಅಲ್ವಾ? ಅಲ್ಲಿ ಎಲ್ಲಾದ್ರೂ ನಲ್ಲಿ ಸೋರ್ತಾ ಇದ್ರೆ ಸೋರ್ಲಿ ಬಿಡು. ಮುಖ ಆ ಕಡೆ ತಿರುಗಿಸ್ಕೊಂಡು ಹೋಗ್ತಾ ಇರು. ಆ ನಲ್ಲಿಗೆ ಇನ್ಯಾರಾದ್ರೂ ಸಿಗ್ತಾರೆ. ಅವಳು ನಿನ್ನ ಕಾಯ್ತಾ ನಿಂತಿರೋ ಆ ಒಂದು ಗಳಿಗೆಗೆ ಇನ್ಯಾರೂ ಸಿಗಲ್ಲ. ಹೊಲಿಯೋಕೆ ಕೊಟ್ಟಿರೋ ಈ ಪ್ಯಾಂಟು ಸಂಜೆ ತಗೊಂಡ್ಹೋಗು. ನಿಜವಾಗ್ಲೂ ಸಂಜೆ."

ನಲ್ಲಿ ರಿಪೇರಿಯವನು ಹೊಸದಾಗಿ ಮದುವೆಯಾದವನು. ಇದೇನೋ ತಮಾಷೆ ಎಂದುಕೊಂಡು ನಗುತ್ತಾ ಸೈಕಲ್ಲು ಹತ್ತಿ ಹೋದ. ಟೈಲರಣ್ಣ ನಗಲಿಲ್ಲ. ಪರದೆಯ ಆಚೆ ಗುಂಡಿ ಹಚ್ಚುತ್ತಾ ಕೂತಿದ್ದ ಹೆಂಡತಿ ಇದೆಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಪಿಸುಗುಟ್ಟಿದರೂ ಆಚೆಗೆ ಕೇಳುತ್ತದೆ.

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಡೆಗೆ ಮೇಜು, ಮೇಜಿನ ಹಿಂದೆ ಮೆಷಿನ್ನು, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಹೊಲಿಯಬೇಕಾದ ಬಟ್ಟೆಗಳ ರಾಶಿ. ಅಳತೆ, ಕತ್ತರಿ, ಮೆಷಿನ್ನು ಅವನದು. ಗುಂಡಿ, ಹುಕ್ಕು, ಕಾಜಾ, ಅಂಚಿನ ಕೈಹೊಲಿಗೆ ಅವಳದು. ಬೀದಿಯಲ್ಲಿ ಎಲ್ಲರಿಗೂ ಅವನು ಟೈಲರಣ್ಣ, ಅವಳು ಟೈಲರಕ್ಕ. ಅವನ ಕೈಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಅವನ ಬಾಯಿಮಾತಿಗೆ ಮಾತ್ರ ಬೀದಿಯೇ ನಗುತ್ತಿತ್ತು. ಯಾರೇ ಬಂದು ಕೇಳಿದರೂ "ಸಂಜೆ ಬನ್ನಿ" ಎನ್ನುವವನು. ಯಾವ ಸಂಜೆ ಎಂದು ಹೇಳುತ್ತಿರಲಿಲ್ಲ. ಇಲ್ಲ, ಆಗೋದಿಲ್ಲ ಎನ್ನುವ ಮಾತು ಅವನ ನಾಲಿಗೆಗೆ ಬರುತ್ತಿರಲಿಲ್ಲ. ಅದಕ್ಕೇ ರಾಶಿ ಕರಗಿದ್ದೇ ಇಲ್ಲ. ಹಿಂದೆಲ್ಲ ಆ ರಾಶಿಯ ಎಲ್ಲಕ್ಕಿಂತ ಕೆಳಗೆ ಯಾವಾಗಲೂ ಒಂದು ಬಟ್ಟೆ ಇರುತ್ತಿತ್ತು, ಅದು ಹೆಂಡತಿಯದು. ಗಿರಾಕಿಗಳದ್ದು ಮೇಲೆ ಬಿದ್ದ ಹಾಗೆಲ್ಲ ಅವಳದು ಕೆಳಗೆ ಇಳಿಯುತ್ತಿತ್ತು. ಟೈಲರನ ಹೆಂಡತಿ ನೆಂಟರ ಮದುವೆಗೆ ಹಳೇ ಬಟ್ಟೆಯಲ್ಲೇ ಹೋದರೆ ಅವಳ ಅತ್ತಿಗೆ ಚುಚ್ಚದೆ ಬಿಡುತ್ತಿರಲಿಲ್ಲ. "ನನ್ನ ಪಾಳಿ ಇನ್ನೂ ಬಂದಿಲ್ಲ ಅತ್ತಿಗೆ" ಎಂದು ಅವಳೇ ನಕ್ಕು ಮಾತು ಹಾರಿಸುತ್ತಿದ್ದಳು.

ತುಂಬ ವರ್ಷಗಳ ಹಿಂದೆ ಅಂಗಡಿಯ ಎದುರಿನ ಬಸ್ ಸ್ಟಾಪಿನಲ್ಲಿ ಆ ಪಾರ್ಕಿನ ದೊಡ್ಡ ಚಿತ್ರ ಅಂಟಿಸಿದ್ದರು. ಅಲೆಗಳ ಕೊಳದಲ್ಲಿ ಗಂಡಹೆಂಡತಿ ಕೈಕೈ ಹಿಡಿದು ನಿಂತಿದ್ದಾರೆ, ಅಲೆ ಎದೆಮಟ್ಟ ಬರುತ್ತಿದೆ, ಇಬ್ಬರ ಬಾಯಿಯೂ ತೆರೆದಿದೆ. ಗುಂಡಿ ಹಚ್ಚುತ್ತಾ ಅವಳು ಒಂದು ಬೇಸಿಗೆ ಪೂರ್ತಿ ಪರದೆಯ ಸಂದಿಯಿಂದ ಆ ಚಿತ್ರ ನೋಡಿದಳು. ಆಮೇಲೆ ಒಂದು ದಿನ ದಾರ ಕಡಿಯುತ್ತಾ, ತನಗೆ ನೀರೆಂದರೆ ಭಯ, ಆದರೂ ನೀವು ಕೈ ಹಿಡಿದುಕೊಂಡರೆ ಇಳಿಯುತ್ತೇನೆ ಎಂದಳು. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವನು ಹೂಂ ಎಂದ. ಅವನು ಎಲ್ಲರಿಗೂ ಹೂಂ ಎನ್ನುವವನೇ ಆದ್ದರಿಂದ, ಅವಳು ಅವನ ಹೂಂ ಅನ್ನು ನಂಬಿ ಕೂರದೆ ತಾನೇ ಎಲ್ಲ ವಿಚಾರಿಸಿದಳು. ಯಾವ ದಿನ ಟಿಕೆಟ್ಟು ಕಮ್ಮಿ, ಯಾವ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಚೀಲ ಇಡಲು ಲಾಕರ್ ಬೇಕೋ ಬೇಡವೋ, ಎಲ್ಲ. ನೈಲಾನ್ ಬಟ್ಟೆಯ ಮಾತು ಬಂದಾಗ ಅವನೇ ಮುಂದೆ ಬಂದು, ನಾನು ಹೊಲಿಯುತ್ತೇನೆ ಎಂದ. ರಾಶಿಯನ್ನು ಪಕ್ಕಕ್ಕೆ ಸರಿಸಿ, ಕಡುನೀಲಿ ನೈಲಾನು ತಂದು, ಮೊಣಕೈವರೆಗೆ ತೋಳು, ಕಣಕಾಲಿನವರೆಗೆ ಪೈಜಾಮ ಇಟ್ಟು, ಹೊರಡುವ ಹಿಂದಿನ ಸಂಜೆಗೆ ಮುಗಿಸಿಯೇಬಿಟ್ಟ. ಹೇಳಿದ ಸಂಜೆಗೆ ಅವನು ಕೊಟ್ಟ ಮೊದಲ ಬಟ್ಟೆ ಅದು. ಅವಳು ಅದನ್ನು ತೊಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿ, "ಬೀದಿಯವರಿಗೆ ಹೇಳಿದ್ರೆ ನಂಬೋದಿಲ್ಲ" ಎಂದಿದ್ದಳು.

ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಅವಳಿಗೇ ಸಿಕ್ಕಿತು. ಪಾರ್ಕಿನ ಗೇಟಿನ ಎದುರು ಮೋರಿಕಟ್ಟೆಯ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ತಿಂದರು. ಸಂಜೆಯವರೆಗೂ ತಡೆಯಬೇಕೆಂದು ಅವಳು ಅವನಿಗೆ ಇನ್ನೊಂದು ಮೊಟ್ಟೆ ಒತ್ತಾಯ ಮಾಡಿ ತಿನ್ನಿಸಿದಳು. ಒಳಗೆ ಹೋದವರು ಮೊದಲು ಬಾಯಿ ಬಿಟ್ಟುಕೊಂಡು ಎಲ್ಲವನ್ನೂ ನೋಡಿದರು. ತಲೆಕೆಳಗಾಗಿ ಓಡುವ ಬಂಡಿಯನ್ನು ನೋಡಿ ಅವನು, ಅದರಲ್ಲಿ ಕೂತವರ ಜೇಬಿನ ಚಿಲ್ಲರೆ ಏನಾಗಬಹುದು ಎಂದು ಚಿಂತೆ ಮಾಡಿದ. ಅವಳು ಬಿದ್ದು ಬಿದ್ದು ನಕ್ಕಳು. ಊಟದ ಹೋಟೆಲಿನ ಬಾಗಿಲಿಗೆ ಹೋಗಿ, ಬೆಲೆಯ ಹಲಗೆ ನೋಡಿ, ಬಂದ ಹಾಗೇ ಹಿಂದೆ ಸರಿದರು. ಅದಕ್ಕೂ ನಕ್ಕರು. ಬಟ್ಟೆ ಬದಲಾಯಿಸಿಕೊಂಡು ಕೊಳದ ಕಡೆ ನಡೆದರು. ಇನ್ನು ಸ್ವಲ್ಪ ಹೊತ್ತಿಗೆ ಸೈರನ್ ಕೂಗುತ್ತದೆ, ಸೈರನ್ ಕೂಗಿದರೆ ಅಲೆ ಬರುತ್ತದೆ ಎಂದು ಕಾವಲಿನವನು ಹೇಳಿದ.

ಅಷ್ಟರಲ್ಲಿ ಟೈಲರಣ್ಣನ ಕಣ್ಣಿಗೆ ಕರಡಿ ಬಿತ್ತು.

ಮಕ್ಕಳ ಕೈಕುಲುಕಲು ಪಾರ್ಕಿನವರು ಇಟ್ಟಿದ್ದ ವೇಷದ ಕರಡಿ ಅದು. ಅದರ ಬೆನ್ನಿನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಬಿಟ್ಟು ಒಳಗಿನ ಸ್ಪಂಜು ಹೊರಗೆ ಇಣುಕುತ್ತಿತ್ತು. ತುಂಟ ಮಕ್ಕಳು ಬೆರಳು ತೂರಿಸಿ ಕೀಳುತ್ತಿದ್ದರೆ, ಒಳಗಿದ್ದ ಬಡಪಾಯಿ ಗೋಡೆಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದ. ಟೈಲರಣ್ಣನ ಅಂಗಿ ಯಾವುದೇ ಇರಲಿ, ನೀರಿಗೆಂದು ಹೊಲಿದುಕೊಂಡ ನೈಲಾನಿನದೇ ಇರಲಿ, ಕಾಲರಿನ ಒಳಗೆ ಯಾವಾಗಲೂ ದಾರ ಸುತ್ತಿದ ಸೂಜಿ ಇರುತ್ತಿತ್ತು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು.

"ಬಿಟ್ಟ ಹೊಲಿಗೆ ನೋಡ್ಕೊಂಡು ಹಾಗೇ ಹೋಗೋಕಾಗುತ್ತೇನೇ? ಐದೇ ನಿಮಿಷ. ಈಗ ಬಂದೆ" ಎಂದ ಹೆಂಡತಿಗೆ.

ಅದು ಗಿರಾಕಿಗಳಿಗೆ ಸಂಜೆ ಬನ್ನಿ ಎನ್ನುವಾಗಿನ ದನಿಯೇ ಆಗಿತ್ತೆಂದು ಅವನಿಗೆ ಆಮೇಲೆ ಅನ್ನಿಸಿತು. ಅವಳಿಗೆ ಆಗಲೇ ಅನ್ನಿಸಿರಬೇಕು. ಆದರೂ ಚೀಲ ಇಸಿದುಕೊಂಡು, ಬೇಗ ಬನ್ನಿ, ಸೈರನ್ ಕೂಗುವುದರೊಳಗೆ ಬನ್ನಿ ಎಂದು ಹೇಳಿ ಕಳಿಸಿದಳು.

ಮಕ್ಕಳ ಎದುರು ಕರಡಿ ತಲೆ ತೆಗೆಯುವಂತಿರಲಿಲ್ಲ. ಹಾಗಾಗಿ ವೇಷದ ಕೋಣೆಗೆ ಹೋದರು. ತಲೆ ತೆಗೆದರೆ ಒಳಗೆ ಟೈಲರಣ್ಣನ ವಯಸ್ಸಿನವನೇ ಒಬ್ಬ, ಬೆವರಿನಲ್ಲಿ ಅದ್ದಿ ತೆಗೆದ ಹಾಗಿದ್ದ. ಪುಣ್ಯ ಕಟ್ಕೊಂಡೆ ಮಾರಾಯ ಎಂದು ಕೂತಲ್ಲೇ ಕಣ್ಣು ಮುಚ್ಚಿದ. ಬೆನ್ನು ಹೊಲಿದಾಯಿತು. ಅಷ್ಟಕ್ಕೆ ಎದ್ದು ಬಂದಿದ್ದರೆ ಮುಗಿದುಹೋಗುತ್ತಿತ್ತು. ವೇಷಗಳನ್ನು ನೋಡಿಕೊಳ್ಳುವ ಹೆಂಗಸು ಬಂದು ಹೊಲಿಗೆಯ ಮೇಲೆ ಬೆರಳಾಡಿಸಿ, ಎಂಥಾ ಕೈ ಅಣ್ಣಾ ನಿಮ್ಮದು ಎಂದಳು. ಅವರ ಟೈಲರು ಕೆಲಸ ಬಿಟ್ಟು ಹೋಗಿ ಬಹಳ ದಿನವಾಗಿತ್ತಂತೆ. ಆನೆಯ ಕಿವಿ ಕಿತ್ತುಬಂದಿದೆ, ಮೊಲದ ಹೊಟ್ಟೆ ಹರಿದಿದೆ, ಸ್ವಲ್ಪ ನೋಡ್ತೀರಾ, ಸುಮ್ಮನೆ ಬೇಡ, ಹೋಟೆಲಿನಲ್ಲಿ ಇಬ್ಬರಿಗೂ ಊಟದ ಕೂಪನ್ ಕೊಡಿಸುತ್ತೇನೆ ಎಂದಳು. ಕೋಣೆಯ ಮೂಲೆಯಲ್ಲಿ ಹೊಚ್ಚ ಹೊಸ ಮೋಟಾರಿನ ಮೆಷಿನ್ನು ಬೇರೆ ಇತ್ತು. ಕಾಲಿಟ್ಟರೆ ಸಾಕು, ಬೆಣ್ಣೆಯ ಮೇಲೆ ಚಾಕು ಓಡಿದ ಹಾಗೆ ಓಡುತ್ತಿತ್ತು.

ಟೈಲರಣ್ಣನ ಲೆಕ್ಕಾಚಾರ ಅವನ ಮಟ್ಟಿಗೆ ಸರಿಯಾಗಿಯೇ ಇತ್ತು. ಬೆಲೆ ನೋಡಿ ಹಿಂದೆ ಸರಿದ ಹೋಟೆಲಿನಲ್ಲಿ ಅವಳನ್ನು ರಾಣಿಯ ಹಾಗೆ ಕೂರಿಸಿ ಊಟ ಮಾಡಿಸಬಹುದು. ಪೈಸೆ ಪೈಸೆ ಉಳಿಸಿದವಳು, ಹಿಗ್ಗಿ ಹೀರೆಕಾಯಿಯಾಗುತ್ತಾಳೆ. ಆನೆಯ ಕಿವಿ ಹೊಲಿಯುವಾಗ ಸೈರನ್ ಕೂಗಿತು. ಗೋಡೆಯಾಚೆ ಜನ ಹೋ ಎಂದರು. ಅವಳೂ ಇಳಿದಿರುತ್ತಾಳೆ, ಅಷ್ಟು ಜನ ಹೆಂಗಸರಿದ್ದಾರಲ್ಲ ಎಂದುಕೊಂಡ. ಕಾಯುತ್ತಿದ್ದಾಳೇನೋ ಎಂಬ ಇನ್ನೊಂದು ಯೋಚನೆಯೂ ಬಂತು, ಬಾರದೆ ಏನಿಲ್ಲ. ಅದನ್ನು ಮೊಲದ ಹೊಟ್ಟೆಯ ಕೆಳಗೆ ತಳ್ಳಿಬಿಟ್ಟ. ಇನ್ನೊಂದು ಸಲ ಸೈರನ್ ಕೂಗಿದಾಗ ಕೋತಿಯ ಬಾಲ ಅವನ ಕೈಯಲ್ಲಿತ್ತು.

ಕೂಪನ್ ಹಿಡಿದು ಓಡಿಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕಾವಲಿನವರು ಸೀಟಿ ಊದಿ ಕೊಳದಿಂದ ಜನರನ್ನು ಎಬ್ಬಿಸುತ್ತಿದ್ದರು. ಅವಳು ಸಿಮೆಂಟಿನ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಟ್ಟೆ ಒಣಗಿತ್ತು. ನೈಲಾನು ಬೇಗ ಒಣಗುತ್ತದೆ, ಆಗಲೇ ಆಡಿ ಬಂದಿರಬೇಕು ಎಂದು ಅವನ ಮನಸ್ಸು ಒಂದು ಗಳಿಗೆ ಸಮಾಧಾನ ಪಟ್ಟಿತು. ಪಕ್ಕದಲ್ಲಿ ಕೂರಲು ಬಗ್ಗಿದಾಗ ಅವಳ ಕಾಲ ಬಳಿಯ ಅಂಚು ಕಣ್ಣಿಗೆ ಬಿತ್ತು. ಅಂಚು ಮಡಿಸಲು ತಾನು ಎಳೆದಿದ್ದ ಸೀಮೆಸುಣ್ಣದ ಗೆರೆ ಅಲ್ಲಿ ಹಾಗೇ ಇತ್ತು. ಅವಸರದಲ್ಲಿ ಒರೆಸುವುದು ಮರೆತಿದ್ದ. ಒಂದು ಹನಿ ನೀರು ಬಿದ್ದರೂ ಅಳಿಸಿಹೋಗುವ ಗೆರೆ ಅದು.

"ಇಳೀಲೇ ಇಲ್ವೇನೇ?" ಎಂದ.

"ನನ್ನ ಪಾಳಿ ಬರ್ಲಿಲ್ಲ" ಎಂದಳು. ಅತ್ತಿಗೆಗೆ ಹೇಳುವಾಗಿನ ಹಾಗೆಯೇ ನಕ್ಕು ಹೇಳಿದಳು. ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಹೋಟೆಲಿಗೆ ಹೋಗಿ ಊಟ ಮಾಡಿದರು. ಚೆನ್ನಾಗಿದೆ ಎಂದು ಅವಳು ತಟ್ಟೆ ಖಾಲಿ ಮಾಡಿದಳು. ಕರಡಿಯವನ ಕಥೆ ಕೇಳಿ, ಪಾಪ, ಆ ಬೇಗೆಯಲ್ಲಿ ಹೇಗಿರ್ತಾನೋ ಎಂದು ಮರುಗಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿಯಿದ್ದರೂ ನೀವೇ ಕೂತ್ಕೊಳ್ಳಿ ಎಂದಳು. ಆ ನೀಲಿ ಬಟ್ಟೆ ಪೆಟ್ಟಿಗೆ ಸೇರಿತು. ಮುಂದೊಂದು ದಿನ ಪಕ್ಕದ ಮನೆಯ ಹುಡುಗಿ ಈಜು ಕಲಿಯಲು ಹೊರಟಾಗ ಅವಳಿಗೆ ಕೊಟ್ಟುಬಿಟ್ಟಳು. ಹುಡುಗಿಯ ಅಳತೆಗೆ ಅದನ್ನು ಕಿರಿದು ಮಾಡಬೇಕಾದವನು ಅವನೇ. ಒದ್ದೆ ಬಟ್ಟೆಯಿಂದ ಆ ಗೆರೆ ಒರೆಸಿದವನೂ ಅವನೇ.

ಅಲ್ಲಿಂದಾಚೆ ಅವನು ಹೆಂಡತಿಯ ಬಟ್ಟೆಯನ್ನು ರಾಶಿಯ ಮೇಲೆಯೇ ಇಟ್ಟು ಎಲ್ಲರಿಗಿಂತ ಮೊದಲು ಹೊಲಿದುಕೊಡುತ್ತಿದ್ದ. ಅವಳೂ ಬೇಡ ಎನ್ನದೆ ತೊಡುತ್ತಿದ್ದಳು. ಆದರೆ ಆಮೇಲೆ ಅವಳಾಗಿ ಏನನ್ನೂ ಕೇಳಲಿಲ್ಲ. ಎರಡು ಮೂರು ಬೇಸಿಗೆ ಅವನೇ ಪಾರ್ಕಿನ ಮಾತೆತ್ತಿದ. ಗಿರಾಕಿಗಳ ಕೆಲಸ ಮುಗಿಯಲಿ, ಸೆಕೆ ಇಳಿಯಲಿ ಎಂದು ಅವಳು ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದಳು. ಮತ್ತೆ ಕೇಳಿದರೆ ಮತ್ತೆ ಅದೇ ಜಾರಿಕೆ ಕೇಳಬೇಕಲ್ಲ ಎಂದು ಅವನಿಗೂ ಅಳುಕು. ಹೀಗೇ ವರ್ಷಗಳು ಸರಿದು, ಇಬ್ಬರ ತಲೆಯೂ ಬೆಳ್ಳಗಾಯಿತು.

ನಲ್ಲಿ ರಿಪೇರಿಯವನ ಪ್ಯಾಂಟನ್ನು ಟೈಲರಣ್ಣ ಅಂದು ನಿಜವಾಗಿಯೂ ಸಂಜೆಗೆ ಕೊಟ್ಟ. ಅವನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಅಂಗಡಿಯ ಬಾಗಿಲು ಎಳೆದು, ಪರದೆ ಸರಿಸಿ ಒಳಗೆ ಬಂದ. ಅವಳು ಅಡುಗೆಮನೆಯ ನೆಲದ ಮೇಲೆ ಬೀನ್ಸ್ ರಾಶಿ ಹಾಕಿಕೊಂಡು ಕೂತಿದ್ದಳು. ಎದುರಿಗೆ ಕೂತ.

"ನಾಳೆ ಅಂಗಡಿ ಮುಚ್ತೀನಿ. ಹೋಗಿ ಬರೋಣ. ಸೂಜಿ ಇಲ್ಲೇ ಬಿಟ್ಟು ಬರ್ತೀನಿ" ಎಂದ.

ಈ ಸಲ ಅವಳು ಜಾರಿಕೊಳ್ಳಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅವನನ್ನೇ ನೋಡಿದಳು.

"ಬೆಳಿಗ್ಗೆ ನೀವು ಆ ಹುಡುಗನಿಗೆ ಹೇಳಿದ್ದೆಲ್ಲ ಕೇಳಿಸ್ತು. ನಂಗೆ ಸಿಟ್ಟಿಲ್ಲಾರೀ. ಸಿಟ್ಟಿದ್ದಿದ್ರೆ ಅವತ್ತೇ ಬೈದು ಮುಗಿಸ್ತಿದ್ದೆ. ಅವತ್ತು ಆಸೆ ಇತ್ತು. ಈಗ ನೀರು ಅಂದ್ರೆ ತಲೆ ಒರೆಸ್ಕೊಳ್ಳೋದು, ನೆಗಡಿ, ಒದ್ದೆ ಬಟ್ಟೆ ಹೊತ್ಕೊಂಡು ಬರೋದು, ಇಷ್ಟೇ ಕಣ್ಮುಂದೆ ಬರುತ್ತೆ. ನಿಮಗೋಸ್ಕರ ಬಾ ಅಂದ್ರೆ ಬರ್ತೀನಿ. ಕೈ ಹಿಡ್ಕೊಂಡು ನಿಂತ್ಕೋತೀನಿ. ಆದ್ರೆ ಇವಳಿಗೆ ಖುಷಿಯಾಯ್ತಾ ಅಂತ ಗಳಿಗೆಗೊಂದ್ಸಲ ನನ್ನ ಮುಖ ನೋಡ್ಬಾರ್ದು. ನೀವು ನೋಡ್ದೆ ಇರಲ್ಲ."

ಅವಳು ಹೇಳಿದ್ದರಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಅವನು ನೋಡದೆ ಇರುತ್ತಿರಲಿಲ್ಲ. ಸರಿ ಬಿಡು ಎಂದ. ಅವಳೂ ಹೂಂ ಎಂದು ಬೀನ್ಸ್ ರಾಶಿಯಲ್ಲಿ ಅರ್ಧವನ್ನು ಅವನ ಕಡೆಗೆ ತಳ್ಳಿದಳು. ಒಲೆಯ ಮೇಲೆ ನೀರು ಕುದಿಯುವ ಸದ್ದು ಏಳುತ್ತಿತ್ತು. ಅವನು ಒಂದು ಕಾಯಿ ತೆಗೆದುಕೊಂಡು ಎರಡು ತುಂಡು ಮುರಿದು ಬೋಗುಣಿಗೆ ಹಾಕಿದ.

"ನಾರು ತೆಗೀರಿ" ಎಂದಳು.

ಅವನು ಆ ತುಂಡುಗಳನ್ನು ಬೋಗುಣಿಯಿಂದ ಹುಡುಕಿ ತೆಗೆದು, ತುದಿ ಮುರಿದು, ಈ ಕಡೆಯ ನಾರು ಎಳೆದ. ಆಮೇಲೆ ಮಗ್ಗುಲು ತಿರುಗಿಸಿ ಆ ಕಡೆಯದೂ ಎಳೆದು, ಇನ್ನೊಂದು ಕಾಯಿಗೆ ಕೈ ಹಾಕಿದ.