ಜೂನ್ ಒಂದರ ಖಾನೆ

ಕುದ್ರೋಳಿಯ ನಮ್ಮ ಓಣಿಯ ತುದಿಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಅಂಗಡಿಯೊಂದಿದೆ. ಮೊನ್ನೆ ಅದರ ಮುಂದೆ ಹೋಗುತ್ತಿದ್ದಾಗ ಒಳಗೆ ಯಾರೋ ಸೀಮೆಎಣ್ಣೆಯಲ್ಲಿ ಅಕ್ಷರದ ಮೊಳೆ ತೊಳೆಯುತ್ತಿದ್ದರು. ಸೀಮೆಎಣ್ಣೆ, ಮಸಿ, ಸೀಸ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ನಾನು ನಿಂತುಬಿಟ್ಟೆ. ಅಂಗಡಿಯವನು ಹೊರಗೆ ಬಂದು, "ಎಂತ ಬೇಕಿತ್ತು ಅಜ್ಜೇರೆ?" ಎಂದ. "ಎಂತದೂ ಇಲ್ಲ ಮಾರಾಯ, ವಾಸನೆಗೆ ನಿಂತದ್ದು" ಎಂದೆ. ಅವನು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದ.

ಐವತ್ತು ವರ್ಷಗಳಿಗೂ ಹಿಂದೆ, ಈ ವಾಸನೆಯನ್ನು ಮೈಗೆ ಹತ್ತಿಸಿಕೊಂಡೇ ಸಂಜೆ ಮನೆಗೆ ಬರುತ್ತಿದ್ದವರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ಬಂದರಿನ ಹತ್ತಿರದ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುವುದು ಅವರ ಕೆಲಸ. ಓಣಿಯವರೆಲ್ಲ ಪ್ರೆಸ್ಸಿನಣ್ಣ ಎನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ವಿಧವೆ ತಂಗಿಯೊಂದಿಗೆ ಇದ್ದರು. ಓದಿದ್ದು ನಾಲ್ಕನೆಯ ಕ್ಲಾಸು. ಮೊಳೆಯಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಓದಿ ಓದಿ, ನೆಟ್ಟಗಿರುವ ಪುಸ್ತಕ ಓದುವುದೇ ಅವರಿಗೆ ತುಸು ನಿಧಾನವಾಗುತ್ತಿತ್ತು. ನನಗೆ ಆಗ ಇಪ್ಪತ್ತೈದು. ಹೈಸ್ಕೂಲು ಮುಗಿಸಿ, ಹೊಳೆಯಾಚೆ ಬೆಂಗ್ರೆಯಲ್ಲಿ ಮೀನುಗಾರರ ಮಕ್ಕಳ ಶಾಲೆಗೆ ಮಾಸ್ತರನಾಗಿದ್ದೆ. ಬೆಳಿಗ್ಗೆ ಹೊಳೆ ದಾಟಿಸುವ ಕಡವಿನ ದೋಣಿ ಹತ್ತಿ ಹೋಗುವುದು, ಸಂಜೆ ದಾಟಿ ಬರುವುದು.

ಅವರ ಚಾವಡಿಯ ಒಂದು ಗೋಡೆಯ ತುಂಬ ಮರದ ಖಾನೆಗಳಿದ್ದವು. ಕನ್ನಡದ ಮೊಳೆಗಳಿಗೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಖಾನೆಗಳು ಬೇಕಲ್ಲ. ಪ್ರೆಸ್ಸಿನವರು ಬಿಸಾಡಿದ ಹಳೆಯ ತಟ್ಟೆಗಳನ್ನು ತಂದು, ಮುರಿದದ್ದಕ್ಕೆ ಮುರಿದದ್ದನ್ನು ಕೂಡಿಸಿ, ಮುನ್ನೂರ ಅರವತ್ತಾರು ಖಾನೆ ಮಾಡಿದ್ದರು. ಒಂದೊಂದು ಖಾನೆಗೆ ಒಂದೊಂದು ತಾರೀಕು. ಫೆಬ್ರವರಿ ಇಪ್ಪತ್ತೊಂಬತ್ತರದ್ದು ಮಾತ್ರ ಸ್ವಲ್ಪ ಸಣ್ಣದು. ಆ ತಾರೀಕಿಗೆ ಲೋಕದಲ್ಲಿ ಎಲ್ಲಿ ಏನೇ ಆಗಿರಲಿ, ವರ್ಷ ಯಾವುದೇ ಇರಲಿ, ಗೊತ್ತಾದರೆ ಒಂದು ಚೀಟಿ ಅಲ್ಲಿಗೆ ಬೀಳುತ್ತಿತ್ತು. ಹುಟ್ಟಾದರೆ ಚೀಟಿ ನೆಟ್ಟಗೆ, ಸಾವಾದರೆ ಮೂಲೆ ಮಡಚಿದ್ದು. ಯಾವುದೋ ದೇಶದ ರಾಣಿ ಹುಟ್ಟಿದ ಚೀಟಿಗೆ ಒರಗಿಕೊಂಡೇ ನಮ್ಮ ಓಣಿಗೆ ಹಾಲು ತರುತ್ತಿದ್ದ ಮುದುಕಿಯ ಮಡಚಿದ ಚೀಟಿ ಇರುತ್ತಿತ್ತು.

"ಇದೆಲ್ಲ ಎಂತಕ್ಕೆ ಅಣ್ಣಾ?" ಎಂದು ಕೇಳಿದ್ದೆ.

"ನೋಡಿ ಮಾಸ್ಟ್ರೇ, ನಮ್ಮ ಪ್ರೆಸ್ಸಿನಲ್ಲಿ 'ದ' ಅಕ್ಷರದ ಖಾನೆ ಮಧ್ಯಾಹ್ನಕ್ಕೇ ಖಾಲಿ. 'ಝ' ಉಂಟಲ್ಲ, ಅದರಲ್ಲಿ ಜೇಡ ಮನೆ ಮಾಡಿದೆ. ಭಾಷೆಗೆ ಕೆಲವು ಅಕ್ಷರ ಹೆಚ್ಚು ಬೇಕು. ಹಾಗೇ ಕಾಲಕ್ಕೂ ಹೆಚ್ಚು ಬೇಕಾದ ತಾರೀಕು ಅಂತ ಉಂಟಾ? ಅದೊಂದು ನೋಡ್ಬೇಕು."

ಅದರಲ್ಲಿ ಪೂಜೆ, ಜ್ಯೋತಿಷ್ಯ ಏನೂ ಇರಲಿಲ್ಲ. ಬರೀ ತಿಳಿಯುವ ಆಸೆ. ಪ್ರೆಸ್ಸಿಗೆ ರದ್ದಿಯಾಗಿ ಬಂದ, ರಟ್ಟು ಹೋದ, ಯಾವ ತಾರೀಕಿಗೆ ಏನಾಗಿತ್ತೆಂದು ಪಟ್ಟಿ ಮಾಡಿದ ಇಂಗ್ಲಿಷ್ ಪಂಚಾಂಗಗಳನ್ನು ತಂದು ನನ್ನ ಮುಂದೆ ಇಡುತ್ತಿದ್ದರು. ನಾನು ಓದಿ ಅರ್ಥ ಹೇಳಬೇಕು, ಅವರು ಚೀಟಿ ಬರೆಯಬೇಕು. ನನಗೂ ಅದರ ರುಚಿ ಹತ್ತಿತು. ನಾನು ಹುಟ್ಟಿದ ದಿನ ಇನ್ನೆಲ್ಲಿ ಏನಾಗಿತ್ತು ಎಂದು ಯಾರಿಗೆ ಕುತೂಹಲವಿರುವುದಿಲ್ಲ?

ಒಂದು ಸಂಜೆ ಅವರು, "ನಿಮ್ಮ ಶಾಲೆಯ ರಿಜಿಸ್ಟರಿನಲ್ಲಿ ಮಕ್ಕಳ ಹುಟ್ಟಿದ ತಾರೀಕು ಇರ್ತದಲ್ವಾ, ಬರೆದು ತನ್ನಿ" ಎಂದರು. ನಾನು ಮರುದಿನವೇ ನಕಲು ಮಾಡಿ ತಂದುಕೊಟ್ಟೆ. ಅದರ ಮರುದಿನ ಸಂಜೆ, ಕೈ ಸಹ ತೊಳೆಯದೆ ನಮ್ಮ ಜಗಲಿಗೆ ಓಡಿ ಬಂದರು.

"ಮಾಸ್ಟ್ರೇ, ಅರವತ್ತಮೂರು ಮಕ್ಕಳಲ್ಲಿ ನಲವತ್ತೊಂದು ಹುಟ್ಟಿದ್ದು ಜೂನ್ ಒಂದಕ್ಕೆ! ನೀವು ನೋಡಿದ್ದೀರಾ?"

ಈಗ ಹೇಳಿಬಿಡುತ್ತೇನೆ. ಆ ನಲವತ್ತೊಂದನ್ನೂ ಬರೆದವನು ನಾನೇ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿಯನ್ನು ಹುಟ್ಟಿದ ದಿನ ಕೇಳಿದರೆ, "ಬಂಗುಡೆ ರಾಶಿ ಬಿದ್ದಿತ್ತಲ್ಲ, ಅದರ ಮಾರನೇ ದಿನ" ಎನ್ನುತ್ತಿದ್ದಳು. ಇಲ್ಲವೆ ತುಳು ತಿಂಗಳಿನಲ್ಲಿ, "ಸೋಣದಲ್ಲಿ ಹತ್ತು ಹೋಗುವ ದಿನ" ಎನ್ನುತ್ತಿದ್ದಳು. ಎಂದರೆ ಆ ತಿಂಗಳ ಹತ್ತನೆಯ ದಿನ. ಅದನ್ನು ಇಂಗ್ಲಿಷ್ ತಾರೀಕಿಗೆ ತಿರುಗಿಸಲು ಹಳೆಯ ಪಂಚಾಂಗ ಹುಡುಕಬೇಕು. ಯಾರಿಗೆ ಬೇಕು ಆ ತಾಪತ್ರಯ? ಮಗು ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಿದರೆ ಐದು ವರ್ಷ ತುಂಬಿತು ಎಂದು ಲೆಕ್ಕ. ಶಾಲೆ ತೆರೆಯುವ ಜೂನ್ ಒಂದಕ್ಕೇ ಐದು ತುಂಬಿತು ಎಂದು ಬರೆದುಬಿಟ್ಟರೆ ಮುಗಿಯಿತು. ಬಹಳ ಕಡೆ ಮಾಸ್ತರರು ಮಾಡುತ್ತಿದ್ದದ್ದೇ ಅದು.

ಆಗ ಒಂದು ಮಾತು ಹೇಳಿದ್ದರೆ ಇಬ್ಬರೂ ನಕ್ಕು ಮುಗಿಸುತ್ತಿದ್ದೆವು. ಆದರೆ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಪ್ರೆಸ್ಸಿನಣ್ಣನಿಗೆ ನಾನೆಂದರೆ ದೊಡ್ಡ ಓದಿದವನು. "ಹೌದಾ? ನಾನು ಗಮನಿಸಲೇ ಇಲ್ಲ" ಎಂದೆ.

ಅಲ್ಲಿಂದ ಅವರಿಗೆ ಬೇರೆ ಧ್ಯಾನವಿಲ್ಲ. ಜೂನ್ ಒಂದಕ್ಕೆ ಏನೇನಾಗಿದೆ ಎಂದು ಪಂಚಾಂಗಗಳನ್ನೆಲ್ಲ ತಿರುವಿದೆವು. ಇಂಗ್ಲಿಷರಿಗೂ ಫ್ರೆಂಚರಿಗೂ ನಡುಗಡಲಲ್ಲಿ ದೊಡ್ಡ ಹಡಗು ಕಾಳಗವಾದದ್ದು ಜೂನ್ ಒಂದು. ದಿಕ್ಸೂಚಿಯ ಮುಳ್ಳು ಎಳೆಯುವ ಉತ್ತರದ ಜಾಗವನ್ನು ನಾವಿಕನೊಬ್ಬ ಹಿಮದಲ್ಲಿ ನಡೆದು ಹೋಗಿ ಕಂಡುಹಿಡಿದದ್ದು ಜೂನ್ ಒಂದು. ಫ್ರಾನ್ಸಿನ ರಾಜಕುಮಾರನೊಬ್ಬ ಸಮುದ್ರ ದಾಟಿ ಆಫ್ರಿಕಕ್ಕೆ ಹೋಗಿ ಈಟಿ ತಿಂದು ಸತ್ತದ್ದೂ ಜೂನ್ ಒಂದು. ಇವೆಲ್ಲ ನಿಜ, ಅಚ್ಚಾದ ಪುಸ್ತಕದಲ್ಲಿದ್ದವು. ಪ್ರೆಸ್ಸಿನಣ್ಣ ಕಣ್ಣರಳಿಸಿ, "ಇದು ಸಮುದ್ರದ ತಾರೀಕು ಮಾಸ್ಟ್ರೇ. ಮಳೆ ಬರುವುದೂ ಆಗಲೇ" ಎಂದರು. ಆಮೇಲೆ ಬೆರಳು ಮಡಚತೊಡಗಿದರು. "ನೂಲ ಹುಣ್ಣಿಮೆ ಕಳೆದು ದೋಣಿ ನೀರಿಗಿಳೀತದೆ. ಸೋಣದಲ್ಲಿ, ಆಗಸ್ಟು-ಸೆಪ್ಟೆಂಬರಿನಲ್ಲಿ, ಮನೆ ತುಂಬ ಮೀನು, ಎಲ್ಲರಿಗೂ ಖುಷಿ. ಅಲ್ಲಿಂದ ಒಂಬತ್ತು ತಿಂಗಳು ಲೆಕ್ಕ ಹಾಕಿದರೆ..." ಎಂದವರು, ಒಳಗಿನಿಂದ ನನ್ನ ಹೆಂಡತಿಯ ಕೆಮ್ಮು ಕೇಳಿ ನಾಚಿಕೊಂಡು ಬೆರಳುಗಳನ್ನು ಬಿಡಿಸಿದರು.

ಲೆಕ್ಕ ಸರಿಯಾಗಿಯೇ ಇತ್ತು! ನಾನೇ ಬರೆದ ಸುಳ್ಳನ್ನು ನಾನೇ ಅರ್ಧ ನಂಬತೊಡಗಿದೆ. ಆ ವರ್ಷದ ವಿಜಯದಶಮಿಗೆ ಇನ್ನೂ ಏಳು ಮಕ್ಕಳು ಸೇರಿದರು. ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ಹೆರಿಗೆಯಾದ ಆಸ್ಪತ್ರೆಯ ಚೀಟಿಯನ್ನೇ ನನ್ನ ಕೈಗಿಟ್ಟಳು. ತಾರೀಕು ಸ್ಪಷ್ಟವಾಗಿತ್ತು. ನಾನು ಅದನ್ನು ಓದಿದೆ, ಮಡಚಿ ಜೇಬಿಗೆ ಹಾಕಿಕೊಂಡೆ, ರಿಜಿಸ್ಟರಿನಲ್ಲಿ ಜೂನ್ ಒಂದು ಎಂದು ಬರೆದೆ. ಈ ಸಲ ಸೋಮಾರಿತನದಿಂದಲ್ಲ. ಸಂಜೆ ಪ್ರೆಸ್ಸಿನಣ್ಣನಿಗೆ "ಇನ್ನೂ ಏಳು" ಎಂದು ಹೇಳಬೇಕಿತ್ತು, ಅವರ ಮುಖ ನೋಡಬೇಕಿತ್ತು... ಅಷ್ಟೇ.

ಅವರು ಒಂದು ಸಣ್ಣ ಪುಸ್ತಕ ಮಾಡಲು ಹೊರಟರು. ಜೂನ್ ಒಂದರ ಮೇಲೆ ಹದಿನಾರು ಪುಟ. ಪ್ರೆಸ್ಸಿನ ಧಣಿಗಳು ಕೆಲಸ ಮುಗಿದ ಮೇಲೆ, ಬದಿಗಿಟ್ಟಿದ್ದ ಸವೆದ ಮೊಳೆ ಬಳಸಲು ಒಪ್ಪಿದ್ದರು. ಹಡಗಿನ ಕಾಳಗದ ಕೆಳಗೆ, ರಾಜಕುಮಾರನ ಕೆಳಗೆ, ಬೆಂಗ್ರೆಯ ನಲವತ್ತೆಂಟು ಮಕ್ಕಳ ಹೆಸರು. ಏಳೆಂಟು ತಿಂಗಳು ದಿನಕ್ಕೆ ನಾಲ್ಕಾರು ಸಾಲಿನಂತೆ ತಾವೇ ಜೋಡಿಸಿದರು. ಜೋಡಿಸಿದ ಮೊಳೆಯ ಪುಟಗಳನ್ನು ನೂಲಿನಿಂದ ಕಟ್ಟಿಟ್ಟು, ಕಾಗದದ ಮೇಲೆ ಒತ್ತುವುದೊಂದೇ ಬಾಕಿ ಇದ್ದಾಗ ನನ್ನ ಹತ್ತಿರ ಬಂದು ಹೇಳಿದರು: "ಈ ಜೂನ್ ಒಂದಕ್ಕೆ ನಾನೂ ಬೆಂಗ್ರೆಗೆ ಬರ್ತೇನೆ. ಒತ್ತುವ ಮೊದಲು ಆ ಮಕ್ಕಳ ಮುಖ ಒಮ್ಮೆ ನೋಡ್ಬೇಕು."

ಬಂದರೆ ಎಲ್ಲವೂ ಬಯಲಾಗುತ್ತಿತ್ತು. ಆದರೂ ಒಂದು ಧೈರ್ಯವಿತ್ತು. ಪ್ರೆಸ್ಸಿನಣ್ಣನಿಗೆ ನೀರೆಂದರೆ ಹೆದರಿಕೆ. ಬಂದರಿನ ಹತ್ತಿರವೇ ಕೆಲಸ ಮಾಡಿದರೂ ಹುಟ್ಟಿದ ಮೇಲೆ ದೋಣಿ ಹತ್ತಿದವರಲ್ಲ. ದೇವಸ್ಥಾನದ ಕೆರೆಗೂ ಇಳಿಯುತ್ತಿರಲಿಲ್ಲ. "ಮಳೆ ಶುರುವಾಗ್ತದೆ ಅಣ್ಣಾ, ಹೊಳೆಯಲ್ಲಿ ನೀರು ಜೋರು" ಎಂದೆ. "ಸಣ್ಣ ಸಣ್ಣ ಮಕ್ಕಳು ದಾಟ್ತಾರಲ್ವಾ" ಎಂದರು.

ಆ ದಿನ ಬೆಳಿಗ್ಗೆ ನಾನು ಕಡವಿಗೆ ಹೋದಾಗ ಅವರು ಆಗಲೇ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೊಡೆ, ಕಂಕುಳಲ್ಲಿ ಕಡಲೆ ಮಿಠಾಯಿಯ ದೊಡ್ಡ ಪೊಟ್ಟಣ. ದೋಣಿಯ ಅಂಚನ್ನು ಎರಡೂ ಕೈಗಳಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತರು. ಕಡವಿನವ ನಗುತ್ತಾ, "ಅಣ್ಣಾ, ಸ್ವಲ್ಪ ಸಡಿಲ ಬಿಡಿ ಮಾರಾಯ್ರೆ. ನೀವು ಹಿಡಿದ ಗಟ್ಟಿಗೆ ನನ್ನ ದೋಣಿ ಮುಂದೆ ಹೋಗುವುದಿಲ್ಲ" ಎಂದ. ದೋಣಿಯವರೆಲ್ಲ ನಕ್ಕರು. ನಡುಹೊಳೆಯಲ್ಲಿ ನಾನು ಬಾಯಿ ತೆರೆದೆ.

"ಅಣ್ಣಾ, ಒಂದು ವಿಷಯ..."

"ಮಾತಾಡ್ಸಬೇಡಿ ಮಾಸ್ಟ್ರೇ, ಲೆಕ್ಕ ತಪ್ತದೆ" ಎಂದರು ಕಣ್ಣು ಮುಚ್ಚಿಕೊಂಡೇ. ಹೆದರಿಕೆ ಮರೆಯಲು ಅವರು ಹುಟ್ಟು ಹಾಕುವ ಸದ್ದನ್ನು ಎಣಿಸುತ್ತಿದ್ದರು. ನಾನು ಬಾಯಿ ಮುಚ್ಚಿದೆ. ಅದೂ ಒಂದು ನೆವ ಸಿಕ್ಕಿದ ಹಾಗಾಯಿತು.

ಶಾಲೆ ತೆರೆಯುವ ದಿನವಾದ್ದರಿಂದ ಜಗಲಿಯಲ್ಲಿ ತಾಯಂದಿರೂ ನಿಂತಿದ್ದರು. ಪ್ರೆಸ್ಸಿನಣ್ಣ ಮಕ್ಕಳ ಎದುರು ನಿಂತು, ಗಂಟಲು ಸರಿ ಮಾಡಿಕೊಂಡು, "ಇವತ್ತು ಯಾರದ್ದೆಲ್ಲ ಹುಟ್ಟಿದ ದಿನ, ಕೈ ಎತ್ತಿ ನೋಡುವ" ಎಂದರು. ಒಂದು ಕೈಯೂ ಏಳಲಿಲ್ಲ. ಮಕ್ಕಳಿಗೆ ನಾಚಿಕೆ ಎಂದುಕೊಂಡು ಅವರು ಪಟ್ಟಿಯಿಂದ ಹೆಸರು ಓದಿದರು. ಅಣ್ಣತಮ್ಮಂದಿರ ಎರಡು ಹೆಸರು ಬಂದಾಗ, ಮೀನಿನ ಬುಟ್ಟಿ ಇಳಿಸಿ ನಿಂತಿದ್ದ ಅವರ ತಾಯಿ ಸೊಂಟದ ಮೇಲೆ ಕೈಯಿಟ್ಟಳು.

"ಎಂತ ಅಣ್ಣಾ ನೀವು ಹೇಳುವುದು? ದೊಡ್ಡವ ಹುಟ್ಟಿದ್ದು ಆಟಿಯಲ್ಲಿ, ಸಣ್ಣವ ಮಾಯಿಯಲ್ಲಿ. ಇಬ್ಬರನ್ನೂ ಒಂದೇ ತಾರೀಕಿಗೆ ಹೆರಲಿಕ್ಕೆ ನಾನೆಂತ ಗಡಿಯಾರವಾ?"

ಜಗಲಿಯೆಲ್ಲ ನಗು. "ನನ್ನವಳು ಸುಗ್ಗಿಯಲ್ಲಿ", "ಇವ ಪಗ್ಗುವಿನಲ್ಲಿ" ಎಂದು ಒಬ್ಬೊಬ್ಬರೂ ಒಂದೊಂದು ತುಳು ತಿಂಗಳು ಕೂಗತೊಡಗಿದರು. ಆಮೇಲೆ, ಸೆರಗಿನ ಗಂಟಿನಿಂದ ಚೀಟಿ ಕೊಟ್ಟಿದ್ದ ತಾಯಿ ಮೆಲ್ಲಗೆ ಹೇಳಿದಳು: "ನಾನು ಆಸ್ಪತ್ರೆಯ ಚೀಟಿ ಮಾಸ್ಟ್ರ ಕೈಗೇ ಕೊಟ್ಟದ್ದು. ಅವರು ಓದಿದ್ದಾರೆ."

ಪ್ರೆಸ್ಸಿನಣ್ಣ ನನ್ನ ಕಡೆ ತಿರುಗಿದರು. ಮೊಳೆಯಲ್ಲಿ ತಪ್ಪು ಹುಡುಕುವಾಗ ನೋಡುವ ಹಾಗೆ ನೋಡಿದರು, ಸಿಟ್ಟು ಕಾಣಲಿಲ್ಲ. ಅವರು ಪೊಟ್ಟಣ ಬಿಚ್ಚಿ ಎಲ್ಲ ಮಕ್ಕಳಿಗೂ ಮಿಠಾಯಿ ಹಂಚಿದರು. ಆಮೇಲೆ ಜಗಲಿಯಲ್ಲೇ ಚಕ್ಕಳಮಕ್ಕಳ ಕೂತು, ಪಟ್ಟಿಯನ್ನು ಮಗುಚಿ ಹಾಕಿ, ಒಬ್ಬೊಬ್ಬ ತಾಯಿಯನ್ನೇ ಕೇಳಿ ಬರೆಯತೊಡಗಿದರು. ತಿಂಗಳು ಯಾವುದು, ಎಷ್ಟು ಹೋಗುವ ದಿನ, ಮಳೆಯಿತ್ತಾ, ಯಾವ ಮೀನು ಸಿಕ್ಕಿತ್ತು... ನಾನು ಮಾಡಬೇಕಿದ್ದ ಕೆಲಸವನ್ನು ನನ್ನ ಶಾಲೆಯ ಜಗಲಿಯಲ್ಲಿ ಕೂತು ಸಂಜೆಯವರೆಗೂ ಮಾಡಿದರು.

ವಾಪಸು ಬರುವಾಗ ದೋಣಿಯಲ್ಲಿ ಕಣ್ಣು ತೆರೆದೇ ಕೂತಿದ್ದರು. ದಡದಲ್ಲಿ ಇಳಿದ ಮೇಲೆ ಮಾತ್ರ ಒಂದು ಮಾತು ಹೇಳಿದರು. "ಒಂದು ದಿನ ಹೇಳ್ಬಹುದಿತ್ತಲ್ವಾ ಮಾಸ್ಟ್ರೇ."

ಮರುದಿನ ಅವರು ಆ ಹದಿನಾರು ಪುಟಗಳ ಮೊಳೆಗಳನ್ನು ಬಿಚ್ಚಿ ಪ್ರೆಸ್ಸಿನ ಆಯಾ ಅಕ್ಷರದ ಖಾನೆಗೆ ಹಾಕಿದರಂತೆ. ಹದಿನೈದು ದಿನ ಕಳೆದು, ಹಳೆಯ ಪಂಚಾಂಗ ನೋಡಿ ತೆಗೆದ ನಿಜವಾದ ತಾರೀಕುಗಳ ಪಟ್ಟಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದರು. ಆಸ್ಪತ್ರೆಯ ಚೀಟಿಯನ್ನೂ ನನ್ನಿಂದ ಕೇಳಿ ಪಡೆದು ನಕಲು ಮಾಡಿದ್ದರು. "ನನ್ನ ಪುಸ್ತಕ ಹೋಗ್ಲಿ. ರಿಜಿಸ್ಟರಿನಲ್ಲಿ ಇದನ್ನು ಸರಿ ಮಾಡಿ. ಆ ಮಕ್ಕಳು ಸಾಯುವವರೆಗೆ ಅದೇ ತಾರೀಕು ಹೊತ್ತುಕೊಂಡು ತಿರುಗ್ಬೇಕಲ್ವಾ" ಎಂದರು. ಮಾಡುತ್ತೇನೆ ಎಂದೆ. ಇನ್ನೊಂದು ತಿಂಗಳಿಗೆ, "ಸರಿ ಮಾಡಿದಿರಾ?" ಎಂದು ಕೇಳಿದರು. "ಆಯ್ತು" ಎಂದೆ.

ಆಗಿರಲಿಲ್ಲ. ನಲವತ್ತೆಂಟು ಕಡೆ ಹೊಡೆದು ಬರೆದದ್ದನ್ನು ಇನ್‌ಸ್ಪೆಕ್ಟರರು ಕಂಡರೆ ನನ್ನ ಕೆಲಸ ಹೋಗುತ್ತದೆಂಬ ಹೆದರಿಕೆ. ಪಟ್ಟಿಯೂ ಅವರು ಹಿಂದಿರುಗಿಸಿದ ಆಸ್ಪತ್ರೆಯ ಚೀಟಿಯೂ ನನ್ನ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು. ಕೊನೆಗೆ ಎರಡನ್ನೂ ಗೆದ್ದಲು ತಿಂದಿತು. ಅವರು ಮಾತ್ರ ನನ್ನ ಮಾತನ್ನು ಎರಡನೆಯ ಸಲವೂ ನಂಬಿದರು. ಜೂನ್ ಒಂದರ ಖಾನೆಯಿಂದ ಚೀಟಿಗಳನ್ನು ತೆಗೆದು, ತಾರೀಕು ತಿದ್ದಿ, ಗೋಡೆಯ ತುಂಬ ಹಂಚಿ ಹಾಕಿದರು. ಮುಗಿದಾಗ ನನ್ನನ್ನು ಕರೆದು ತೋರಿಸಿ, "ಈಗ ಚಂದ ಆಯ್ತು ನೋಡಿ. ಎಲ್ಲ ತಿಂಗಳಲ್ಲೂ ಬೆಂಗ್ರೆಯವರು ಇದ್ದಾರೆ" ಎಂದರು. ಮೊದಲಿನಷ್ಟೇ ಖುಷಿ ಆ ಮುಖದಲ್ಲಿ. ನಾನು ಅದನ್ನು ನೋಡಿಕೊಂಡು ನಿಂತಿದ್ದೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನನಗೆ ತೊಕ್ಕೊಟ್ಟಿನ ಕಡೆಯ ಶಾಲೆಗೆ ವರ್ಗವಾಗಿ, ಮನೆಯನ್ನೂ ಅಲ್ಲಿಗೇ ಸಾಗಿಸಿದೆವು. ತಿರುಗಿ ಕುದ್ರೋಳಿಗೆ ಬಂದಾಗ ಪ್ರೆಸ್ಸಿನಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಖಾನೆಗಳೆಲ್ಲಿ ಎಂದು ಅವರ ತಂಗಿಯನ್ನು ಕೇಳಿದೆ. "ಒಂದು ಮಳೆಗಾಲಕ್ಕೆ ಕಟ್ಟಿಗೆ ಸಿಗ್ಲಿಲ್ಲ ಮಾಸ್ಟ್ರೇ. ಒಣ ಮರ, ಚೀಟಿ ಸಹ ಚಂದ ಉರೀತಿತ್ತು" ಎಂದರು. ಅಣ್ಣ ತೀರಿಕೊಂಡದ್ದು ಯಾವ ದಿನ ಎಂದೆ. ಅವರು, "ಪುಯಿಂತೆಲ್ ತಿಂಗಳಲ್ಲಿ... ಎಷ್ಟು ಹೋಗುವ ದಿನವೋ" ಎಂದರು.

ಕಳೆದ ಮೇ ತಿಂಗಳ ಕೊನೆಗೆ, ಚೀಟಿ ತಂದಿದ್ದ ಆ ತಾಯಿಯ ಮಗ ನಮ್ಮ ಮನೆಗೆ ಬಂದಿದ್ದ. ಸರಕಾರಿ ಕೆಲಸದಿಂದ ಅಂದೇ ನಿವೃತ್ತಿ, ಕೊರಳಿನಲ್ಲಿ ಹಾರ ಹಾಕಿಕೊಂಡೇ ಬಂದು ಕಾಲಿಗೆ ಬಿದ್ದ. ಅವನಿಗೆ ನಾನು ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರಿಗೆ ಬಾಯಿಬಿಟ್ಟು ಹೇಳಿದ್ದು. ಅವನು ಪೂರ್ತಿ ಕೇಳಿ, "ಹಾಗಾದ್ರೆ ನಾನು ಹುಟ್ಟಿದ್ದು ಯಾವಾಗ ಮಾಸ್ಟ್ರೇ?" ಎಂದ.

ಅವನ ತಾಯಿ ಈಗಿಲ್ಲ. ಆ ತಾರೀಕನ್ನು ನಾನು ಈ ಕಣ್ಣಿನಿಂದ ಓದಿದ್ದೆ. ಚಳಿಗಾಲದ್ದು ಎಂದು ಒಮ್ಮೆ ಅನಿಸುತ್ತದೆ, ಅಲ್ಲ ಎಂದು ಇನ್ನೊಮ್ಮೆ... ನೆನಪಿಲ್ಲ ಎಂದೆ.

ಅವನು ಹಾರ ತೆಗೆದು ಮಡಿಲಲ್ಲಿಟ್ಟುಕೊಂಡ. "ಹೋಗ್ಲಿ ಬಿಡಿ. ಮೊಮ್ಮಕ್ಕಳು ನಾಳೆ ಜೂನ್ ಒಂದು ಅಂತ ಪಾಯಸ ಮಾಡಿಸ್ತಾ ಇದ್ದಾರೆ. ಅವರಿಗೆ ಹೇಳ್ಬೇಡಿ" ಎಂದ. ಹೇಳುವುದಿಲ್ಲ ಎಂದೆ. ಪಾಯಸಕ್ಕೆ ನೀವೂ ಬನ್ನಿ ಎಂದು ಹೇಳಿ ಹೋದ. ನಾನು ಹೋಗಲಿಲ್ಲ.