ಕೊಡೆ ಅಂಗಡಿಯ ಎರಡು ಮುಖದ ಬೋರ್ಡು

ಕಾಪು ಪೇಟೆಯಲ್ಲಿ ಒಂದು ಕಾಲಕ್ಕೆ ಓಸ್ವಾಲ್ಡ್ ಪೈಂಟರ ಕೈಯಲ್ಲಿ ಬೋರ್ಡು ಬರೆಸದ ಅಂಗಡಿಯೇ ಇರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಮಣಿಪಾಲದಿಂದ ಚಾಪೆಯ ಹಾಗೆ ಸುತ್ತಿಕೊಂಡು ಬರುವ ಮಾಲು! ಓಸ್ವಾಲ್ಡರ ಬೋರ್ಡುಗಳು ಒಂದೊಂದಾಗಿ ಇಳಿದು ಕೋಳಿಗೂಡಿಗೆ ಹೊದಿಸಿದ ಮಾಡಾದವು. ಈಗ ಅರವತ್ತಾರರ ವಯಸ್ಸಿನಲ್ಲಿ ಅವರು ಗೇಟು, ಗ್ರಿಲ್ಲಿಗೆ ಬಣ್ಣ ಬಳಿಯುತ್ತಾರೆ. ಪೇಟೆಯಲ್ಲಿ ಅವರ ಅಕ್ಷರ ಉಳಿದಿದ್ದದ್ದು ಒಂದೇ ಕಡೆ, ಬೀಚ್ ರಸ್ತೆಯ ಆಸಿಯಮ್ಮನ ಕೊಡೆ ಅಂಗಡಿಯಲ್ಲಿ. ದಿನಕ್ಕೊಮ್ಮೆ ಅದನ್ನು ನೋಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಅದು ಗೋಡೆಯಿಂದ ರಸ್ತೆಯ ಕಡೆಗೆ ಚಾಚಿಕೊಂಡಿದ್ದ ಮರದ ಬೋರ್ಡು. ಪೇಟೆಯ ಕಡೆಯಿಂದ ಬಂದರೂ ಕಡಲಿನ ಕಡೆಯಿಂದ ಬಂದರೂ ಕಾಣಲೆಂದು ಎರಡೂ ಮುಖದಲ್ಲಿ ‘ಕುಂಞಿ ಕೊಡೆ ಅಂಗಡಿ’ ಎಂದಿತ್ತು. ಮೂವತ್ತು ವರ್ಷದ ಹಿಂದೆ, ಒಂದು ಶುಕ್ರವಾರ ನಮಾಜಿನ ನಂತರ ಅಂಗಡಿ ತೆರೆಯುವುದೆಂದು ನಿಶ್ಚಯವಾಗಿತ್ತು. ಒಂದು ಮುಖ ಮುಗಿಯುವಷ್ಟರಲ್ಲಿ ಓಸ್ವಾಲ್ಡರಿಗೆ ಜ್ವರ. ಆಸಿಯಮ್ಮನ ಗಂಡ ಕುಂಞಿ ಮೊಹಮ್ಮದ್ ಕಾಯದೆ ಇನ್ನೊಂದು ಮುಖವನ್ನು ತಾವೇ ಬರೆದುಬಿಟ್ಟರು. ಕೊನೆಗೆ ಜಾಗ ಸಾಲದೆ ಅಕ್ಷರಗಳು ಒಂದರ ಮೈಮೇಲೊಂದು ಬಿದ್ದಿದ್ದವು. ಓಸ್ವಾಲ್ಡರಿಗೆ ಮೈಯೆಲ್ಲ ಉರಿದುಹೋಯಿತು. ಬೋರ್ಡು ಹಾಕುವಾಗ ತಾವು ಬರೆದ ಮುಖವನ್ನು ಪೇಟೆಗೆ ತಿರುಗಿಸಿ, ಆ ಸೊಟ್ಟ ಮುಖವನ್ನು ಜನ ಕಡಿಮೆಯಿದ್ದ ಕಡಲಿನ ಕಡೆಗೆ ತಳ್ಳಿದರು.

ಈ ವರ್ಷ ಪುರಸಭೆಯಿಂದ ನೋಟಿಸು ಬಂತು. ಫ್ಲೆಕ್ಸ್ ಕೂಡದು, ಅಂಗಡಿಗೊಂದೇ ಬೋರ್ಡು, ರಸ್ತೆಗೆ ಚಾಚಿದ್ದನ್ನು ತೆಗೆದು ಗೋಡೆಗೆ ಒತ್ತಿ ಹೊಡೆಯಬೇಕು. ಮೊದಲ ಸಾಲು ಓದಿ ಓಸ್ವಾಲ್ಡರು ಹಿಗ್ಗಿದರು. ಕೊನೆಯ ಸಾಲು ಓದಿದವರೇ ಟೇಪು ಹಿಡಿದು ಅಳತೆಗೆ ಹೊರಟಿದ್ದ ಪುರಸಭೆಯ ಶರ್ಮಿಳಾ ಮೇಡಂ ಹಿಂದೆ ಬಿದ್ದರು.

“ಮೂವತ್ತು ವರ್ಷದ ಬೋರ್ಡು ಮೇಡಂ ಅದು.”

“ಹಳತಕ್ಕೊಂದು ಹೊಸತಕ್ಕೊಂದು ರೂಲ್ ಮಾಡ್ಲಿಕ್ಕೆ ಆಗ್ತದಾ ಪೈಂಟರೇ? ಬಿಸಾಡಿ ಅಂತ ನಾನು ಹೇಳ್ಲಿಲ್ಲ. ಗೋಡೆಗೆ ಹೊಡೀರಿ, ಸಾಕು.”

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಗೋಡೆಗೆ ಹೊಡೆದರೆ ಒಂದು ಮುಖ ಗೋಡೆಯ ಪಾಲು, ಅಷ್ಟೆ. ಯಾವುದೆಂಬ ಬಗ್ಗೆ ಓಸ್ವಾಲ್ಡರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಏಣಿ, ಸ್ಕ್ರೂ, ಕಪ್ಪು ಬಣ್ಣದ ಡಬ್ಬಿ ತಂದು ಬೋರ್ಡು ಇಳಿಸಿದರು. ತಾವು ಬರೆದ ಮುಖವನ್ನು ಒರೆಸಿ ಎತ್ತಿ ಹಿಡಿದರು.

“ಸರಿ ಉಂಟಲ್ವಾ ಆಸಿಯಮ್ಮ?”

“ಅದಲ್ಲ ಓಸ್ವಾಲ್ಡಣ್ಣ. ಆಚೆ ಕಡೆದ್ದು.”

“ಅದಾ? ಅದು ಎಂತ ಬರವಣಿಗೆ! ಜನ ನಗಾಡ್ತಾರೆ.”

“ನಗಾಡ್ಲಿ. ನನ್ನ ಮನೆ ಕಡಲಿನ ಕಡೆ ಅಲ್ವಾ? ಅವರು ಹೋಗಿ ಒಂಬತ್ತು ವರ್ಷ ಆಯ್ತು. ದಿನಾ ಅದನ್ನು ನೋಡಿಕೊಂಡೇ ಬಂದು ಬಾಗಿಲು ತೆಗೆಯುವುದು ನಾನು. ಅವರ ಕೈಯಲ್ಲಿ ಬರೆದದ್ದು ಅಂತ ನನ್ನ ಹತ್ತಿರ ಬೇರೆ ಎಂತದೂ ಇಲ್ಲ.”

ನನ್ನದೂ ಇದೊಂದೇ ಉಳಿದಿರುವುದು ಎಂಬ ಮಾತು ಓಸ್ವಾಲ್ಡರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ತಮ್ಮ ಅಕ್ಷರಗಳ ಮೇಲೆ ಒಮ್ಮೆ ಅಂಗೈ ಆಡಿಸಿ, ಬೋರ್ಡು ಮಗುಚಿ, ಅವನ್ನು ಗೋಡೆಗೆ ಒತ್ತಿ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದರು.

ಕುಂಞಿಯವರ ಅಕ್ಷರ ಉಪ್ಪುಗಾಳಿಗೆ ತೀರಾ ಮಾಸಿತ್ತು. ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ನಿಲ್ಲುವ ಹಾಗಿರಲಿಲ್ಲ. ಓಸ್ವಾಲ್ಡರು ಡಬ್ಬಿಯ ಮುಚ್ಚಳ ತೆಗೆದರು.

“ಸರಿ ಮಾಡ್ಬೇಡಿ ಮಾರಾಯ್ರೇ,” ಎಂದರು ಆಸಿಯಮ್ಮ, ಗಾಬರಿಯಿಂದ.

“ಇಲ್ಲ.”

ನಲವತ್ತು ವರ್ಷ ಪಳಗಿದ ಕೈ ತಾನಾಗಿ ನೇರಕ್ಕೆ ಎಳೆಯುತ್ತಿತ್ತು. ಅದನ್ನು ತಡೆದು ತಡೆದು, ಕುಂಞಿ ಬಾಗಿಸಿದಲ್ಲಿ ಬಾಗಿಸಿ, ಅವರು ಎಡವಿದಲ್ಲಿ ಎಡವಿ, ಕೊನೆಯ ಅಕ್ಷರಗಳನ್ನು ಒಂದರ ಮೈಮೇಲೊಂದು ಹಾಗೆಯೇ ಬೀಳಿಸಿ ಏಣಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಆಸಿಯಮ್ಮ ಕಡಲಿನ ಕಡೆಗೆ ಇಪ್ಪತ್ತು ಹೆಜ್ಜೆ ನಡೆದುಹೋಗಿ, ತಿರುಗಿ ನೋಡುತ್ತಾ ಬಂದರು.

“ನೀವು ಮುಟ್ಟಿದ ಹಾಗೇ ಇಲ್ಲ,” ಎಂದರು.